ಪೆಟ್ರೋಲಿಗೆ ಹೆದರದ ಇಂಕು

ಬೋರ್ಡ್ ಬರೆಯುವ ಪೇಂಟರಿಗೆ ಊರಿನವರೆಲ್ಲರ ದನಿ ಅನುಕರಿಸಿ ಮಾತಾಡಲು ಬರುತ್ತಿತ್ತು, ತನ್ನದೊಂದು ಬಿಟ್ಟು. ಎದುರಿನ ಡ್ರೈಕ್ಲೀನಿಂಗ್ ಅಂಗಡಿಯ ಹುಡುಗಿಯನ್ನು ಮಾತಾಡಿಸಬೇಕಾದರೂ ಅವಳ ಸೋದರಮಾವನ ಮೂಗುದನಿಯೇ ಬೇಕು: “ನಾಳೆ ಬನ್ನಿ, ಖಂಡಿತಾ ಆಗಿರತ್ತೆ!”

ಅವಳು ನಗುತ್ತಿದ್ದಳು. ಮಾವನ ಅಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯುವುದು ಅವಳ ಕೆಲಸ.

“ನಾನು ಕಲೆ ಮಾಡೋನು, ನೀವು ಕಲೆ ಅಳಿಸೋರು. ಹೊಂದೋದು ಹೇಗೆ ಡಾಕ್ಟರಮ್ಮಾ?” ಒಂದು ದಿನ ರೋಗಿಯೊಬ್ಬನ ನರಳುದನಿಯಲ್ಲಿ ಕೇಳಿದ.

“ಅಳಿಸೋದಲ್ಲ, ಕರಗಿಸೋದು.” ಅವನ ಕಾಲರಿನ ಮೇಲಿದ್ದ ಪೇಂಟಿನ ಚುಕ್ಕೆಯ ಮೇಲೆ ಅವಳ ಕಣ್ಣು ನಿಂತಿತು, ಆಮೇಲೆ ಚೂರು ಮೇಲೇರಿತು. “ನೀರಿನ ಕಣಗಳು ಒಂದರ ಕೈ ಒಂದು ಹಿಡ್ಕೊಂಡಿರ್ತವೆ. ಸಕ್ಕರೆಗೂ ಅಂಥ ಕೈಗಳಿವೆ, ಒಳಗೆ ಸೇರಿಸ್ಕೊಳ್ತವೆ. ಎಣ್ಣೆಗೆ ಹಿಡಿಯೋಕೆ ಕೈಯೇ ಇಲ್ಲ. ಅದಕ್ಕೆ ಅದರ ಜಾತಿಯ ಪೆಟ್ರೋಲೇ ಆಗಬೇಕು. ಡ್ರೈಕ್ಲೀನಿಂಗ್ ಅಂದ್ರೆ ಅದೇ, ನೀರಿನ ಬದಲು ಪೆಟ್ರೋಲಲ್ಲಿ ಒಗೆಯೋದು.”

“ಅಂದ್ರೆ ನೀರಿಗೂ ಎಣ್ಣೆಗೂ ಜಗಳ ಇಲ್ಲ?”

“ಇಲ್ಲಪ್ಪಾ. ನೀರಿಗೆ ತನ್ನವರ ಕೈ ಬಿಡೋಕೆ ಮನಸ್ಸಿಲ್ಲ, ಅಷ್ಟೇ.”

ಶುಕ್ರವಾರ ಅವಳೇ ಸುದ್ದಿ ತಂದಳು. ಮಾವ ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ತೆರೆಯುತ್ತಿದ್ದಾರೆ. ಅದನ್ನು ನೋಡಿಕೊಳ್ಳಲು ಹೋಗುತ್ತೀಯಾ ಎಂದು ಕೇಳಿದ್ದಾರೆ. ನಾಳೆ ಸಂಜೆಯೊಳಗೆ ಉತ್ತರ ಕೊಡಬೇಕು.

ಹೇಳಿ ಅವನ ಮುಖ ನೋಡಿದಳು. ಅವನ ಬಾಯಿಂದ ಬಂದದ್ದು ರೈಲ್ವೇ ಸ್ಟೇಷನ್ನಿನ ದನಿ: “ಪ್ರಯಾಣಿಕರ ಗಮನಕ್ಕೆ...”

ಈ ಸಲ ಅವಳು ನಗಲಿಲ್ಲ.

ಮನೆಗೆ ಹೋಗಿ ಮೂರು ಪುಟ ಪತ್ರ ಬರೆದ. ತನ್ನ ಕೋಟಿನ ಒಳಜೇಬಿಗಿಟ್ಟು ಅಂಗಡಿಗೆ ಕೊಟ್ಟರೆ ಆಯಿತು, ಒಗೆಯುವ ಮುನ್ನ ಜೇಬು ತಡಕುವವಳು ಅವಳೇ. ಅಕಸ್ಮಾತ್ ಮರೆತರೂ ಕೋಟು ಹೋಗುವುದು ಪೆಟ್ರೋಲಿಗೆ. ಅದಕ್ಕೇ ಫೌಂಟನ್ ಪೆನ್ನಿನಲ್ಲಿ ಬರೆದಿದ್ದ. ಆ ನೀರಿನ ಇಂಕನ್ನು ಪೆಟ್ರೋಲ್ ಮುಟ್ಟದು. ಕೋಟು ಕೊಡಲು ಒಂದು ನೆಪ ಬೇಕಲ್ಲ ಎಂದು ಅದರ ಮೇಲೆ ಅರ್ಧ ಲೋಟ ಸಿಹಿ ಟೀ ಚೆಲ್ಲಿಕೊಂಡ.

ಬೆಳಿಗ್ಗೆ ಕೌಂಟರಿನಲ್ಲಿದ್ದದ್ದು ಮಾವ. ಚೀಟಿ ಕಟ್ಟಿ ಕೋಟನ್ನು ಒಳಗೆ ತಳ್ಳಿದರು. ಮಾವ ಜೇಬು ನೋಡಿರುತ್ತಾರೆ ಅಂದುಕೊಂಡ ಅವಳು ಬರೀ ಕಲೆ ನೋಡಿದಳು. ಟೀ, ಸಕ್ಕರೆ, ಪೆಟ್ರೋಲಿಗೆ ಬಗ್ಗದು. ಕಾಟನ್ ಕೋಟು ತಾನೇ, ನೀರಿನ ಟಬ್ಬಿನಲ್ಲಿ ಮುಳುಗಿಸಿದಳು.

ನಾಲ್ಕು ಗಂಟೆಗೆ ಅವನ ಏಣಿಯ ಕೆಳಗೆ ಬಂದು ನಿಂತಳು. ಅಂಗೈಯಲ್ಲಿ ಮೂರು ಹಾಳೆ ನೆನೆದು ಒಂದಾದ ನೀಲಿ ಉಂಡೆ.

“ಏನು ಬರೆದಿದ್ರಿ?”

“ನಾಳೆ ಬನ್ನಿ, ಖಂಡಿತಾ...”

“ಮಾವನ ದನಿ ಬೇಡ.”

“ಪ್ರಯಾಣಿಕರ...”

“ಅದೂ ಬೇಡ. ನಿಮ್ಮದು.”

ಬ್ರಶ್ಶಿನಿಂದ ಕೆಂಪು ಬಣ್ಣ ಅವನ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. ಗಂಟಲಿಂದ ಹೊರಟ ದನಿ ಸಣ್ಣಗಿತ್ತು, ಅವನಿಗೇ ಹೊಸದು.

“ಹೋಗಬೇಡಿ. ನೀವಿಲ್ಲದೆ ನನಗಾಗಲ್ಲ.”

“ಇಷ್ಟಕ್ಕೆ ಮೂರು ಪುಟವಾ?” ಅಂದಳು. ಕಣ್ಣು ಒದ್ದೆಯಾಗಿತ್ತು. ಏಣಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ರಸ್ತೆಯಾಚೆಗೆ ಕೂಗಿದಳು. “ಮಾವಾ, ನಾನು ಹೋಗಲ್ಲ!”

“ಯಾಕೇ? ಏನು ಕಾರಣ?”

“ಏಣಿ ಮೇಲಿದೆ. ಇಳಿಸಿ ಕರ್ಕೊಂಡು ಬರ್ತೀನಿ!”