ಬಿರಿಯದ ದಾಳಿಂಬೆ

"ಮನೇಲಿ ಬಸುರಿ ಹೆಂಗಸಿದ್ರೆ ಇದನ್ನ ಕೊಡಲ್ಲ ಸ್ವಾಮಿ," ಎಂದಳು ಮಲ್ಕಾ.

ಗಂಡ ಬಿಟ್ಟುಹೋದ ಹಳೆಯ ರತ್ನಗಂಬಳಿಗಳನ್ನು ಒಂದೊಂದಾಗಿ ಮಾರಿಕೊಂಡು ಹೆಬ್ಬಾಳದಲ್ಲಿ ಬದುಕುತ್ತಿದ್ದ ವಿಧವೆ ಅವಳು. ಇದು ಇರಾನಿನದು. ಒಡಲ ತುಂಬ ಕೆಂಪು ದಾಳಿಂಬೆಗಳು, ಒಂದೂ ಬಿರಿದಿರಲಿಲ್ಲ. ಮಕ್ಕಳಿಲ್ಲದ ಹಿರಿಯ ಹೆಂಡತಿಯೊಬ್ಬಳು ಬಸುರಿ ಸವತಿಯ ಹೆಸರು ಹೇಳಿ ಹೇಳಿ ಗಂಟು ಹಾಕಿ ನೇಯ್ದಳಂತೆ. ಸವತಿ ಹೆರಲೇ ಇಲ್ಲವಂತೆ, ಕೂಸು ಹೊಟ್ಟೆಯಲ್ಲಿದ್ದಂತೆಯೇ ಸತ್ತಳಂತೆ.

ಶೇಷಗಿರಿ ನಕ್ಕ. ಜಕ್ಕೂರಿನಲ್ಲಿ ವಿಮಾನದ ಇಂಜಿನ್ ರಿಪೇರಿಗೆಂದು ೧೯೫೮ರಲ್ಲಿ ಹೊಸದಾಗಿ ಬಂದಿದ್ದ ಆಸಾಮಿ. ಮಾಟ ಗೀಟ ಎಂದರೆ ಮೈ ಉರಿ. "ನಾನು ಒಂಟಿ ಕಣಮ್ಮ," ಎಂದು ಹಸೀ ಸುಳ್ಳು ಹೇಳಿ ಹೊತ್ತು ತಂದ. ಮನೆಯಲ್ಲಿ ಹೆಂಡತಿ ಅಲಮೇಲುಗೆ ದಿನ ತುಂಬಿತ್ತು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಅಂದರೆ ಇದೇ ನೋಡಿ.

ಹಾಸಿದಂದಿನಿಂದ ಕೋಣೆಯಲ್ಲಿ ನೆನೆದ ಕುರಿಯ ಕಮಟು ವಾಸನೆ.

"ಈ ಗಂಬಳಿ ಕಾಲು ಹಿಡ್ಕೊಳ್ಳತ್ತೆ ಕಣ್ರೀ. ತೆಗೆದ್ಬಿಡಿ," ಎಂದಳು ಅಲಮೇಲು.

"ಸುಮ್ನಿರೇ," ಎಂದು ಅವನು ಪೇಪರು ಬಿಡಿಸಿದ.

ಬೇನೆ ಶುರುವಾದ ದಿನ ಮಧ್ಯಾಹ್ನಕ್ಕೇ ಮೋಡ ಕವಿದು ಮನೆ ಕತ್ತಲಾಯಿತು. ಸೂಲಗಿತ್ತಿ ಪಟಾಲಮ್ಮ ಬಂದವಳೇ, "ಮನೇಲಿರೋ ಗಂಟು, ಬೀಗ ಎಲ್ಲಾ ಬಿಚ್ಚಿ ಸ್ವಾಮಿ. ಎರಿಗೆ ಸಲೀಸಾಗ್ತದೆ," ಎಂದಳು. ಟ್ರಂಕು ತೆರೆದರು. ಅಕ್ಕಿ ಚೀಲದ ದಾರ ಬಿಚ್ಚಿದರು. ಅಲಮೇಲುವಿನ ಜಡೆಯನ್ನೂ ಬಿಚ್ಚಿದರು. ಬೇನೆ ಏರುತ್ತಲೇ ಹೋಯಿತು, ಕೂಸು ಮಾತ್ರ ಒಂದಿಷ್ಟೂ ಜರುಗಲಿಲ್ಲ.

ಗಂಬಳಿಯ ಮೇಲೆ ಕೈಯೂರಿದ ಪಟಾಲಮ್ಮ ಸರ್ರನೆ ಕೈ ಎಳೆದುಕೊಂಡಳು. "ಅಯ್ಯೋ ಸಿವನೇ. ಇದೆಲ್ಲಾ ಗಂಟೇ ಅಲ್ವಾ? ಇದ್ನ ಎಂಗೆ ಬಿಚ್ಚಾದು?"

 ಶೇಷಗಿರಿಗೆ ಮಲ್ಕಾ ಹೇಳಿದ್ದು ಈಗ ನೆನಪಾಯಿತು. ಗಂಬಳಿಯ ಅಂಚು ಹಿಡಿದು ಬಾಗಿಲಿಗೆ ಎಳೆದ. ಅತ್ತ ಅಲಮೇಲು ಕರುಳು ಕಿತ್ತು ಬರುವಂತೆ ಕಿರುಚಿದಳು. ಬಿಟ್ಟ. ಕಿರುಚು ನಿಂತಿತು. ಮತ್ತೆ ಎಳೆದ. ಮತ್ತೆ ಕಿರುಚು.

ಕ್ಷೌರದ ಕತ್ತಿ ತಂದ. ಕೊಯ್ದ. ಉಣ್ಣೆ ಬೆಚ್ಚಗಿತ್ತು. ಹಣ್ಣು ಸೀಳಿದ. ಅಂಚು ಸೀಳಿದ. ಉದ್ದಕ್ಕೂ ಸೀಳಿದ.

ಕೂಸು ಅತ್ತಿತು.

"ಗಂಡು," ಎಂದಳು ಪಟಾಲಮ್ಮ. ಶೇಷಗಿರಿ ನಗುತ್ತಾ ಗೋಡೆಗೊರಗಿದ. ಗೆದ್ದೆ ಎಂದುಕೊಂಡ.

"ಸ್ವಾಮಿ, ರಕ್ತ ನಿಲ್ತಿಲ್ಲ."

ಬಟ್ಟೆ ಒತ್ತಿದಳು. ನೆನೆಯಿತು. ಇನ್ನೊಂದು. ಅದೂ ನೆನೆಯಿತು.

"ಬಿಚ್ಚಿ ಅಂದೆ ನಾನು. ಕೊಯ್ದ್‌ಬುಟ್ರಲ್ಲ," ಎಂದಳು ಮೆಲ್ಲಗೆ. "ಇನ್ ಯಾವ್ದೂ ಕಟ್ಟಾಕಿಲ್ಲ, ರಕ್ತಾನೂವೆ."

ಅವನು ನೆಲಕ್ಕೆ ಬಿದ್ದ. ತುಂಡಾದ ಎಳೆಗಳನ್ನು ಬಾಚಿಕೊಂಡ. ಒಂದಕ್ಕೊಂದು ಕಟ್ಟಿದ. ಬಿಚ್ಚಿಕೊಂಡಿತು. ಹಲ್ಲಲ್ಲಿ ಕಚ್ಚಿ ಎಳೆದು ಕಟ್ಟಿದ. ಬಿಚ್ಚಿಕೊಂಡಿತು.

"ಅಮ್ಮಾವ್ರು ಹೋದ್ರು ಸ್ವಾಮಿ, ಸಾಕು ಬುಡಿ," ಎಂದಳು ಪಟಾಲಮ್ಮ, ಕೂಸನ್ನು ಮಡಿಲಲ್ಲಿಟ್ಟುಕೊಂಡು. ಅವನು ತಲೆ ಎತ್ತಲಿಲ್ಲ. ಇನ್ನೊಂದು ಎಳೆ ಹುಡುಕುತ್ತಿದ್ದ.