ದೇವಲಾಪುರದ ಕೊನೇ ತಿರುವು

“ಇವತ್ತು ಸಾಯಂಕಾಲದೊಳಗೆ ಲೋಕೇಶಣ್ಣನ್ನ ಅರೆಸ್ಟ್ ಮಾಡ್ತಾರಂತೆ ಆಪಾ. ಅವ್ರು ಅಂಥಾ ಕೆಲ್ಸ ಮಾಡೋರಲ್ಲ,” ಎಂದು ಹುಡುಗಿ ಬಾಗಿಲಲ್ಲೇ ನಿಂತು ಹೇಳಿದಳು. ಬ್ಯಾಗಿನಿಂದ ದಪ್ಪನೆಯದೊಂದು ಹಳೇ ಇಂಗ್ಲಿಷ್ ಪುಸ್ತಕ ಇಣುಕುತ್ತಿತ್ತು.

ಶ್ರೀರಂಗಪಟ್ಟಣದ ಆ ಮನೆ ಬಾಗಿಲಿಗೆ ಇಂಥವರು ಬರುವುದು ಪುಟ್ಟರಾಜುವಿಗೆ ಹೊಸದಲ್ಲ. ಅಪಘಾತವಾದ ಗಾಡಿಗಳನ್ನು ವಿಮೆಯವರ ಪರವಾಗಿ ಪರೀಕ್ಷೆ ಮಾಡುವುದು ಜೀನತ್ ಮೇಡಂ ಅವರ ಕಸುಬು. ನುಜ್ಜುಗುಜ್ಜಾದ ಗಾಡಿ ನೋಡಿ ಅದರೊಳಗೆ ಕೂತಿದ್ದವನ ಸ್ವಭಾವ ಹೇಳುತ್ತಾರೆ ಎಂಬ ಮಾತು ಸುತ್ತಲ ತಾಲ್ಲೂಕುಗಳಲ್ಲಿ ಹರಡಿತ್ತು. ಪೊಲೀಸಿನವರೂ ಆಗಾಗ ಅವರ ಅಭಿಪ್ರಾಯ ಕೇಳುತ್ತಿದ್ದರು. ಪುಟ್ಟರಾಜು ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಈಗ ಅವರ ಕಾರು ಓಡಿಸುವುದು ಬರೀ ನೆಪ. ಊರೂರು ಸುತ್ತಿ ಜನರ ಮಾತು ಕೇಳುವುದೆಂದರೆ ಅವನಿಗೆ ಹಬ್ಬದೂಟ.

“ಕೂತ್ಕೊ. ಮೊದ್ಲಿಂದ ಹೇಳು,” ಎಂದರು ಜೀನತ್.

ಹುಡುಗಿಯ ಹೆಸರು ಮೆಹನಾಜ್, ದೇವಲಾಪುರದ ಹತ್ತಿರದವಳು. ಅವಳ ಅಣ್ಣ ಯಾಸಿನ್‌ಗೆ ರೇಸ್ ಕಾರು ಓಡಿಸುವ ಹುಚ್ಚು. ಹೇಳಿಕೊಡುವ ಗುರು ಹತ್ತಿರದಲ್ಲೆಲ್ಲೂ ಇಲ್ಲ, ದೂರದ ಶಾಲೆಗೆ ಕಟ್ಟಲು ದುಡ್ಡಿಲ್ಲ. ಹಳೇ ಪುಸ್ತಕ ತರಿಸಿಕೊಂಡ. ಇವಳು ಓದಿ ಅರ್ಥ ಹೇಳಿದಳು. ಫೋನಿನಲ್ಲಿ ಪಾಠದ ವಿಡಿಯೋ ನೋಡಿದ, ಕಂಪ್ಯೂಟರಿಗೆ ಪ್ಲಾಸ್ಟಿಕ್ ಸ್ಟೇರಿಂಗು ಜೋಡಿಸಿ ಅಭ್ಯಾಸ ಮಾಡಿದ. ಅಪ್ಪನ ಬೀಳು ಹೊಲದಲ್ಲಿ ಹಳೇ ಟೈರು ಜೋಡಿಸಿ ಓಡುದಾರಿ ಮಾಡಿಕೊಂಡ. ಬರುವ ವಾರ ಕೆ.ಆರ್. ಪೇಟೆ ಕಡೆ ಮಣ್ಣಿನ ರೇಸು ಇತ್ತು. ಅದೇ ಅವನ ಮೊದಲನೆಯದಾಗುತ್ತಿತ್ತು.

“ಭಾನುವಾರ ಬೆಳಿಗ್ಗೆ ಕೊನೇ ತಿರುವಲ್ಲಿ ಕಾರು ನಿಲ್ಲಲೇ ಇಲ್ಲ ಆಪಾ. ಕಲ್ಲಿನ ಬದುಗೆ ಹೊಡೀತು. ಬೆನ್ನುಮೂಳೆಗೆ ಪೆಟ್ಟು. ನಡೀತಾನೋ ಇಲ್ವೋ ಅಂತ ಮೈಸೂರಿನ ಡಾಕ್ಟ್ರೂ ಹೇಳ್ತಿಲ್ಲ.” ಅವಳು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. “ಬ್ರೇಕ್ ಪೈಪು ಹರಿದಿದೆ. ಕಾರು ರೆಡಿ ಮಾಡಿದ್ದು ಬೆಳ್ಳೂರು ಕ್ರಾಸಿನ ಲೋಕೇಶಣ್ಣ. ಹಿಂದಿನ ದಿನ ಅವರಿಬ್ಬರಿಗೂ ಜಗಳ ಆಗಿತ್ತು. ಅಬ್ಬಾನ ತಮ್ಮ ಜುಬೇರ್ ಚಾಚಾ ಕಂಪ್ಲೇಂಟ್ ಕೊಟ್ಟಿದಾರೆ.”

“ನಿಮ್ಮಪ್ಪ ಏನಂತಾರೆ?”

“ಅಬ್ಬಾ ಏನೂ ಅನ್ನಲ್ಲ. ಊಟಾನೂ ಮಾಡ್ತಿಲ್ಲ.”

ಪಾಂಡವಪುರದ ದಾರಿಯಲ್ಲಿ ಕಬ್ಬಿನ ಟ್ರಾಕ್ಟರುಗಳ ಹಿಂದೆ ಕಾರು ತೆವಳುತ್ತಿತ್ತು. ಜೀನತ್ ಹಿಂದಿನ ಸೀಟಿನಲ್ಲಿ ಕೂತು ಯಾಸಿನ್‌ನ ಪುಸ್ತಕ ಓದುತ್ತಿದ್ದರು.

“ಪುಸ್ತಕ ಓದಿ ಈಜು ಕಲ್ತಂಗಾಯ್ತು ಬುಡಿ ಮೇಡಮ್ನೋರೆ,” ಎಂದ ಪುಟ್ಟರಾಜು. “ನಾನು ಮೂವತ್ತು ವರ್ಸ ಬಸ್ಸು ಓಡ್ಸಿದೆ, ಒಂದು ಹಾಳೆನೂ ತಿರುವ್ಲಿಲ್ಲ.”

“ಹಂಗಾದ್ರೆ ಹೇಳು ಪುಟ್ಟರಾಜಣ್ಣ, ತಿರುವಿಗೆ ಮುಂಚೆ ಬ್ರೇಕು ಎಲ್ಲಿ ಒತ್ತಬೇಕು?”

“ಅದೇನು ಕೇಳ್ತೀರಿ, ಒತ್ಬೇಕು ಅನ್ನಿಸ್ದಾಗ.”

“ರೇಸಿನಲ್ಲಿ ಅನ್ನಿಸೋಕೆ ಬಿಡಬಾರದಂತೆ. ದಾರಿ ಪಕ್ಕದಲ್ಲಿ ಜರುಗದೇ ಇರೋ ಒಂದು ಗುರುತು ಇಟ್ಕೋಬೇಕು. ಅದು ಬಂದ ತಕ್ಷಣ ಕಾಲು ತಾನಾಗೇ ಒತ್ತಬೇಕು.” ಅವರು ಮೆಹನಾಜ್ ಕಡೆ ತಿರುಗಿದರು. “ನಿಮ್ಮಣ್ಣನ ಗುರುತು ಯಾವುದು?”

“ದ್ಯಾವಮ್ಮಜ್ಜಿಯ ಬೆದರುಬೊಂಬೆ. ಟೈರು ಆದ್ರೆ ಕಾರು ತಗುಲಿ ಜರುಗುತ್ತೆ ಅಂತ, ಪಕ್ಕದ ಹುರುಳಿ ಹೊಲದ ಬೊಂಬೆ ಗುರುತು ಮಾಡ್ಕೊಂಡ. ಮನೇಲಿ ಊಟಕ್ಕೆ ಕೂತ್ರೂ ಅದೇ ಮಾತು.”

ಹೊಲ ಮುಟ್ಟಿದಾಗ ಅಲ್ಲಿ ನಾಲ್ಕು ಜನ ಇದ್ದರು. ಸಬ್ ಇನ್ಸ್‌ಪೆಕ್ಟರ್ ರವೀಂದ್ರ ಜೀಪಿಗೆ ಒರಗಿದ್ದರು. ಮೆಕ್ಯಾನಿಕ್ ಲೋಕೇಶ್ ತಲೆ ತಗ್ಗಿಸಿ ನಿಂತಿದ್ದ. ಜುಬೇರ್ ಅವನನ್ನು ದುರುಗುಟ್ಟಿ ನೋಡುತ್ತಿದ್ದ. ದೂರದಲ್ಲಿ ದಾರಿ ಪಕ್ಕದ ಹೊಂಗೆ ಮರದ ಕೆಳಗೆ ಯಾಸಿನ್‌ನ ಅಪ್ಪ ಗಫಾರ್, ಟಿಪ್ಪರ್ ಲಾರಿಯ ಮಾಲೀಕ, ಕುಕ್ಕರುಗಾಲಲ್ಲಿ ಕೂತಿದ್ದ.

“ಇವ್ನೇ ಅಂದಿದ್ದು ಮೇಡಂ!” ಎಂದ ಜುಬೇರ್. “ಟೀ ಅಂಗಡೀಲಿ ಎಲ್ಲರ ಮುಂದೆ, ‘ನಿನ್ನ ಬ್ರೇಕೇ ಕಿತ್ತಾಕ್ಬುಡ್ತೀನಿ’ ಅಂತ!”

“ಬೈಯೋದೆಲ್ಲ ಮಾಡ್ಬುಡ್ತಾರಾ?” ಲೋಕೇಶ್ ಅಳುಬುರುಕ ದನಿಯಲ್ಲಿ ಹೇಳಿದ. “ವಾರವಾರ ಹೊಸ ಬ್ರೇಕು ತಿಂದಾಕ್ತಿದ್ದ. ಎಲ್ಲಿಂದ ತರ್ಲಿ ಕಣ್ಲಾ ಅಂತ ಬೈದೆ. ಹೋದ್ವಾರ ಅವ್ನ ಪಕ್ಕ ಕೂತು ಒಂದು ಸುತ್ತು ಬಂದೆ ಸಾರ್. ಇಳಿದಾಗ ಕಾಲು ನಡುಗ್ತಿತ್ತು. ಅಷ್ಟು ಜೋರಾಗಿ ಓಡಿಸ್ತಾನೆ ಅವ್ನು. ಅಂಥಾವ್ನ ಕಾರಿಗೆ ನಾನು ಕೆಡುಕು ಮಾಡ್ತೀನಾ?”

ಜೀನತ್ ನೇರ ದಾರಿಯುದ್ದಕ್ಕೂ ನಡೆದರು. ಕೊನೇ ತಿರುವಿನ ಮುಂದೆ ಕೆಮ್ಮಣ್ಣಿನಲ್ಲಿ ಚಕ್ರಗಳು ಉತ್ತಂತೆ ಆಳದ ಗೆರೆಗಳು, ದಾರ ಹಿಡಿದು ಎಳೆದಷ್ಟು ನೇರ. ಆಮೇಲೆ ಕಲ್ಲು ಪುಡಿಮಾಡಿ ತಯಾರಿಸಿದ ಬೂದುಬಣ್ಣದ ಮರಳು, ಎಂ-ಸ್ಯಾಂಡು, ಅದರಾಚೆ ಕಲ್ಲಿನ ಬದು. ಬದುವಿನ ಬುಡದಲ್ಲಿ ಮಾತ್ರ ಬ್ರೇಕ್ ಆಯಿಲಿನ ಕಲೆ.

“ಕೆಮ್ಮಣ್ಣಲ್ಲಿ ಈ ಮರಳು ಯಾಕೆ?” ಎಂದ ಪುಟ್ಟರಾಜು, ಚಪ್ಪಲಿ ಕೊಡವುತ್ತಾ.

“ತಪ್ಪಿ ಬಂದ ಕಾರು ಹೂತ್ಕೊಂಡು ನಿಲ್ಲಲಿ ಅಂತ,” ಎಂದಳು ಮೆಹನಾಜ್. “ಪುಸ್ತಕದಲ್ಲಿದೆ. ಅಣ್ಣ ಬಹಳ ದಿನದಿಂದ ಕೇಳ್ತಿದ್ದ, ಅಬ್ಬಾ ಒಪ್ಪಿರಲಿಲ್ಲ. ಶನಿವಾರ ಮಧ್ಯಾಹ್ನ ನಾನು ಬಂದಾಗಲೂ ಇಲ್ಲಿ ಮರಳಿರಲಿಲ್ಲ.”

ಹುರುಳಿ ಹೊಲದಿಂದ ದ್ಯಾವಮ್ಮ ಕೂಗುತ್ತಾ ಬಂದಳು. “ಯಾವನ್ಲಾ ಅವ್ನು ನನ್ನ ಬೊಂಬೆ ಕಿತ್ತು ಬೇರೆ ಕಡೆ ನೆಟ್ಟೋನು? ಶುಕ್ರವಾರ ಪಾಂಡವಪುರಕ್ಕೆ ಮಗಳ ಮನೆಗೋಗಿ ಈಗ ಬತ್ತಾಯಿವ್ನಿ. ಕೊಯ್ಲು ಆಗೋಗಂಟ ಕೀಳಾಕಿಲ್ಲ ಕಣಪ್ಪ ಅಂತ ಆ ಹುಡುಗನಿಗೆ ಮಾತು ಕೊಟ್ಟಿದ್ದೆ!”

“ನಿನ್ನ ಹುರುಳಿ ಮೇಲೆ ಧೂಳು ಬೀಳ್ತಿತ್ತಲ್ಲ ಅಜ್ಜಿ, ಕೋಪ ಇರಲಿಲ್ವಾ?” ಎಂದರು ಜೀನತ್.

“ಬಿದ್ರೆ ಬೀಳ್ಲಿ. ಹೋಗೋವಾಗೆಲ್ಲ ‘ಅಜ್ಜಿ, ಬೊಂಬೆ ಚೆನ್ನಾಗದಾ?’ ಅಂತ ಕೇಳೋನು. ನನ್ನ ಮೊಮ್ಮಕ್ಕಳು ನನ್ನೇ ಕೇಳಾಕಿಲ್ಲ, ಇವ್ನು ಬೊಂಬೆನೂ ಕೇಳ್ತಿದ್ದ.”

ಯಾಸಿನ್ ಪ್ರತಿ ಓಟವನ್ನೂ ಕಾರಿನೊಳಗಿಂದ ಫೋನಿನಲ್ಲಿ ವಿಡಿಯೋ ತೆಗೆದು, ಆಮೇಲೆ ನೋಡಿ ತಿದ್ದಿಕೊಳ್ಳುತ್ತಿದ್ದ. ಮೆಹನಾಜ್ ಆ ಫೋನು ಕೊಟ್ಟಳು. ಜೀನತ್ ಎರಡು ವಿಡಿಯೋ ನೋಡಿ ಫೋನನ್ನು ಸೆರಗಿನಲ್ಲಿ ಒರೆಸಿ ಹಿಂದಿರುಗಿಸಿದರು. ಗಫಾರ್ ಕೂತಲ್ಲಿಗೆ ಹೋಗಿ ಮೆಲ್ಲಗೆ ಕೇಳಿದರು: “ಭಾಯ್, ತಿರುವಿಗೆ ಬರೋವಾಗ ಅವನು ಎಷ್ಟು ಜೋರಾಗಿ ಬರ್ತಿದ್ದ?”

“ಏನು ಮಹಾ ಜೋರು ಬೆಹನ್. ಹೋದ ವರ್ಷ ಪಕ್ಕದಲ್ಲಿ ಕೂರಿಸ್ಕೊಂಡು ತೋರಿಸ್ದ. ನನ್ನ ಲೋಡ್ ಗಾಡೀನೇ ಅದಕ್ಕಿಂತ ಜೋರು. ಪುಸ್ತಕದಲ್ಲಿ ಕಲಿತೋನಲ್ವಾ.”

ಜೀನತ್ ಮರಳಿನ ಕಡೆ ಮುಖ ತಿರುಗಿಸಿದರು. ಈ ಮುಖ ಪುಟ್ಟರಾಜುವಿಗೆ ಗೊತ್ತಿತ್ತು. ಉತ್ತರ ಸಿಕ್ಕಿದೆ, ಸಿಕ್ಕಬಾರದಿತ್ತು ಎನ್ನುವ ಮುಖ.

“ಎಲ್ಲರೂ ಇಲ್ಲಿ ಬನ್ನಿ,” ಎಂದು ಕರೆದರು. ಮರದ ನೆರಳಿಗೆ ಎಲ್ಲರೂ ಬಂದರು. ದ್ಯಾವಮ್ಮ ಕಲ್ಲೊಂದರ ಮೇಲೆ ಕೂತಳು.

“ಮೊದಲು ಲೋಕೇಶನ ಮಾತು. ಬ್ರೇಕು ಇಲ್ಲದ ಕಾರಿನ ಚಕ್ರ ಉರುಳಿಕೊಂಡು ಹೋಗುತ್ತೆ, ಮಣ್ಣು ಉಳೋದಿಲ್ಲ. ಇಲ್ಲಿ ನಾಲ್ಕೂ ಚಕ್ರ ಕಚ್ಚಿ ನೆಲ ಉತ್ತಿವೆ. ಆಯಿಲು ದಾರೀಲಿ ಒಂದು ಹನಿಯೂ ಇಲ್ಲ, ಬದುವಿನ ಹತ್ತಿರ ಮಾತ್ರ ಇದೆ. ಅಂದ್ರೆ ಪೈಪು ಹರಿದದ್ದು ಕಲ್ಲಿಗೆ ಹೊಡೆದ ಮೇಲೆ. ಬ್ರೇಕು ಚೆನ್ನಾಗಿತ್ತು. ಹುಡುಗ ಒತ್ತಿದ್ದು ತಡವಾಯಿತು.”

ಲೋಕೇಶ್ ತಗ್ಗಿಸಿದ್ದ ತಲೆ ಎತ್ತಿದ. ಜುಬೇರ್ ಅವನ ಕಡೆ ನೋಡಲಾರದೆ ಟೋಪಿ ತೆಗೆದು ಹಾಕಿಕೊಂಡ.

“ತಡ ಯಾಕಾಯ್ತು? ಹಿಂದಿನ ವಿಡಿಯೋದಲ್ಲಿ ಬೊಂಬೆ ಈ ಹೊಂಗೆ ಮರಕ್ಕಿಂತ ಮುಂಚೆ ಬರುತ್ತೆ. ಭಾನುವಾರದ್ದರಲ್ಲಿ ಮರ ದಾಟಿದ ಮೇಲೆ. ಯಾರೋ ಅದನ್ನ ತಿರುವಿನ ಕಡೆ ಜರುಗಿಸಿದ್ದಾರೆ. ಯೋಚನೆ ಮಾಡದೇ ಗುರುತನ್ನ ನಂಬು ಅಂತ ತನಗೆ ತಾನೇ ಕಲಿಸಿಕೊಂಡ ಹುಡುಗ, ನಂಬಿದ.”

“ಕೊಲ್ಲೋದಕ್ಕೆ ನೋಡಿದಾರೆ ಅಂತೀರಾ?” ಎಂದರು ರವೀಂದ್ರ.

“ಕೊಲ್ಲೋನು ಮರಳು ಸುರೀತಾನಾ ಸಾರ್? ಶನಿವಾರ ಮಧ್ಯಾಹ್ನ ಇಲ್ಲದ್ದು ಭಾನುವಾರ ಬೆಳಿಗ್ಗೆಗೆ ಬಂದಿದೆ. ಬೊಂಬೆ ಕಿತ್ತ ಕೈಯೇ ಮರಳು ಹಾಸಿದ ಕೈ. ಹುಡುಗ ಒಂದು ಸಲ ದಾರಿ ತಪ್ಪಬೇಕು, ಮರಳಲ್ಲಿ ಹೂತು ನಿಲ್ಲಬೇಕು, ಹೆದರಿ ರೇಸು ಬಿಡಬೇಕು. ಅಷ್ಟೇ ಅವರ ಲೆಕ್ಕ. ಆದ್ರೆ ಮರಳು ಸಾಲಲಿಲ್ಲ.” ಜೀನತ್ ದನಿ ಇಳಿಸಿದರು. “ಲೋಕೇಶನಿಗೆ ಗುರುತೂ ಗೊತ್ತು, ವೇಗವೂ ಗೊತ್ತು. ಈ ಮರಳು ಸಾಲದು ಅಂತ ಅವನಿಗೆ ತಿಳೀತಿತ್ತು. ಅಜ್ಜಿ ಊರಲ್ಲಿರಲಿಲ್ಲ. ಜುಬೇರ್ ಭಾಯ್, ಈ ಬೊಂಬೆ ಗುರುತು ಅಂತ ನಿಮಗೆ ಗೊತ್ತಿತ್ತಾ?”

“ಅಲ್ಲಾ ಕಸಂ, ಈ ಹೊಲಕ್ಕೇ ಬಂದಿರಲಿಲ್ಲ ನಾನು.”

“ಗುರುತು ಗೊತ್ತಿದ್ದು, ಲೋಡು ಮರಳು ಕೈಯಲ್ಲಿದ್ದು, ವೇಗ ಮಾತ್ರ ಹೋದ ವರ್ಷದ್ದೇ ಅಂದ್ಕೊಂಡೋರು ಒಬ್ಬರೇ.”

ಯಾರೂ ಹೆಸರು ಹೇಳಬೇಕಾಗಲಿಲ್ಲ. ಗಫಾರ್ ಎದ್ದು ನಿಂತ.

“ಹೌದು. ನಾನೇ,” ಎಂದ. “ಇಪ್ಪತ್ತೈದು ವರ್ಷ ಲಾರೀಲಿ ಇದ್ದೀನಿ. ರಸ್ತೇಲಿ ಎಂಥೆಂಥಾ ಹುಡುಗರನ್ನ ಬಾಚಿ ಬಟ್ಟೇಲಿ ಕಟ್ಟಿದಾರೆ, ನೋಡಿದೀನಿ. ಬೇಡ ಅಂದೆ, ಬೈದೆ, ಕೇಳ್ಲಿಲ್ಲ. ಒಂದ್ಸಲ ಹೆದರಲಿ ಅಂತ…” ಆಮೇಲೆ ಲೋಕೇಶನ ಮುಂದೆ ಕೈ ಮುಗಿದ. “ನಿನ್ನ ಹೆಸರು ಬಂದಾಗ ಬಾಯಿ ಬಿಡ್ಬೇಕಿತ್ತು. ಬರಲಿಲ್ಲಪ್ಪ. ನಾನು ಒಪ್ಕೊಂಡ್ರೆ ಅದು ನಿಜ ಆಗ್ಬುಡುತ್ತೆ ಅಂತ ಹೆದರ್ಕೊಂಡೆ.”

ಲೋಕೇಶ್ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ.

ಮೆಹನಾಜ್ ಜೀನತ್ ಅವರನ್ನೇ ನೋಡುತ್ತಿದ್ದಳು. ತಾನು ಬಾಗಿಲಿಗೆ ಹೋಗಿ ಬೇಡಿದ್ದು ಇದನ್ನೇ ಏನು ಎನ್ನುವ ಹಾಗೆ. ಜೀನತ್ ಅವಳ ಬೆನ್ನ ಮೇಲೆ ಕೈ ಇಟ್ಟರು.

“ಸಾರ್,” ಎಂದ ಗಫಾರ್ ರವೀಂದ್ರ ಅವರಿಗೆ, “ಠಾಣೆಗೆ ಬರ್ತೀನಿ. ಅದಕ್ಕೆ ಮುಂಚೆ ಆಸ್ಪತ್ರೆಗೆ ಬಿಡಿ. ಬೇರೆಯೋರ ಬಾಯಲ್ಲಿ ಅವನು ಕೇಳೋದು ಬೇಡ.”

ರವೀಂದ್ರ ಒಪ್ಪಿದರು. ಮೈಸೂರಿನವರೆಗೆ ಪುಟ್ಟರಾಜು ಜೀಪಿನ ಹಿಂದೆಯೇ ಕಾರು ಓಡಿಸಿದ.

ವಾರ್ಡಿನಲ್ಲಿ ಯಾಸಿನ್ ಅಂಗಾತ ಮಲಗಿದ್ದ. ಕತ್ತು ಅಲ್ಲಾಡದಂತೆ ಪಟ್ಟಿ ಕಟ್ಟಿದ್ದರು. ಗಫಾರ್ ಮಂಚದ ಪಕ್ಕ ನಿಂತು, ಬೊಂಬೆ ಕಿತ್ತದ್ದು, ನೆಟ್ಟದ್ದು, ಮರಳು ಸುರಿದದ್ದು ಎಲ್ಲವನ್ನೂ ಹೇಳಿದ. ಬಾಗಿಲ ಬಳಿ ನಿಂತಿದ್ದ ಪುಟ್ಟರಾಜು, ಹುಡುಗ ಈಗ ಕೂಗುತ್ತಾನೆ, ಈಗ ಮುಖ ತಿರುಗಿಸುತ್ತಾನೆ ಎಂದುಕೊಂಡ. ತಿರುಗಿಸಲು ಕತ್ತೂ ಬರುವಂತಿರಲಿಲ್ಲ.

ಯಾಸಿನ್ ಕಣ್ಣನ್ನಷ್ಟೇ ಅಪ್ಪನ ಕಡೆ ಹೊರಳಿಸಿದ.

“ಹಂಗಾದ್ರೆ,” ಎಂದ, “ನಾನು ತಪ್ಪು ಮಾಡಿರಲಿಲ್ವಾ ಅಬ್ಬಾ? ಕಣ್ಣು ಬಿಟ್ಟಾಗಿಂದ ಅದನ್ನೇ ಹುಡುಕ್ತಿದ್ದೆ. ಎಲ್ಲಿ ತಪ್ಪಿದೆ, ಯಾವ ಪಾಠ ಮರೆತೆ ಅಂತ.”

“ಇಲ್ಲ ಮಗಾ,” ಎಂದ ಗಫಾರ್. “ನೀನು ಸರಿಯಾಗೇ ಕಲಿತಿದ್ದೆ. ನಾನೇ ನಂಬಲಿಲ್ಲ.”