ಮರಿಯವ್ವನವರ ಗಮನಕ್ಕೆ

ಸಿಲಿಂಡರ್ ತಂದವನಿಗೆ ರೊಕ್ಕ ಹಾಕಲು ಸುಮಿತ್ರವ್ವ ಫೋನು ಒತ್ತಿದಳು. ಹೋಗಲಿಲ್ಲ. ಮತ್ತೆ ಒತ್ತಿದಳು. ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂದಿತು ಫೋನು.

“ಏನಪಾ ಇದು? ನೆಟ್‌ವರ್ಕ್ ಇಲ್ಲೇನು?”

ಸಿಲಿಂಡರಿನವನು ಬಗ್ಗಿ ನೋಡಿದ. ಅವನ ಮುಖ ಸಣ್ಣದಾಯಿತು. “ನೆಟ್‌ವರ್ಕ್ ಐತ್ರಿ ಅಕ್ಕಾರ. ರೊಕ್ಕಾನ ಇಲ್ಲ. ಮುಂಜಾನಿ ನಾಷ್ಟಾದ ಚಿಲ್ಲರ ಬಿಟ್ರ ಖಾತಿ ಪೂರಾ ಖಾಲಿ ಐತಿ.”

ಖಾಲಿ! ಗೋಡೆಯ ಮೇಲಿನ ಡಬ್ಬಿ ಬೆಳಗಿನಿಂದ ಬಾಯಿ ಮುಚ್ಚಿರಲಿಲ್ಲ. ಗಿರಾಕಿ ಬಂದು ಗೋಡೆಯ ಕ್ಯೂಆರ್ ಕೋಡಿಗೆ ಫೋನು ಹಿಡಿದಾಗಲೆಲ್ಲ ಇಷ್ಟು ಬಂತು, ಇಷ್ಟು ಬಂತು ಎಂದು ಒದರುತ್ತಲೇ ಇತ್ತು. ಬರುವ ರೊಕ್ಕವನ್ನು ಓಣಿಗೆಲ್ಲ ಸಾರುವ ಆ ಹಾಳು ಡಬ್ಬಿ ಹೋಗುವ ರೊಕ್ಕದ ಬಗ್ಗೆ ಒಂದು ಮಾತು ಆಡಿರಲಿಲ್ಲ. ಸುಮಿತ್ರವ್ವ ಒಲೆಯ ಮುಂದೆ ಹಾಗೇ ಕುಸಿದು ಕುಂತಳು. ಹಂಚಿನ ಮೇಲಿದ್ದ ರೊಟ್ಟಿ ಕರಕಾಗಿ ಹೊಗೆಯಾಡಿತು.

ಅಡರಕಟ್ಟಿಯ ಮರಿಯವ್ವ ಬೆಟಗೇರಿಗೆ ಸೊಸೆಯಾಗಿ ಬಂದು, ಗಂಡನ ಮನೆಯವರು ಇಟ್ಟ ಹೆಸರಿನಿಂದ ಸುಮಿತ್ರವ್ವ ಆಗಿ, ಗಂಡ ತೀರಿಕೊಂಡ ಮೇಲೆ ಮಗ್ಗ ಮಾರಿ ಖಾನಾವಳಿ ಇಟ್ಟವಳು. ಮಕ್ಕಳಿಲ್ಲ. ಬಾಡಿಗೆಯ ಈ ಜಾಗವನ್ನು ಸ್ವಂತ ಮಾಡಿಕೊಂಡು ಇಲ್ಲೇ ಕಣ್ಣು ಮುಚ್ಚಬೇಕೆಂದು ರೊಟ್ಟಿ ಬಡಿದು ಬಡಿದು ಕೂಡಿಟ್ಟದ್ದು, ಒಂದೇ ದಿನದಲ್ಲಿ ಯಾರೋ ನುಂಗಿ ಹಾಕಿದ್ದರು!

ಮಂದಿ ಕೂಡಿತು. ಕೂಡಿದ ಮಂದಿಯ ಕಣ್ಣು ಪಕ್ಕದ ಮೊಬೈಲ್ ಅಂಗಡಿಯ ಕಡೆಗೆ ಹೊರಳಿತು. ಶಟರ್ ಇಳಿದಿತ್ತು.

“ಮೊಹಸಿನ ಎಲ್ಲಿ ಹೋದ?”

“ಮುಂಜಾನಿನ ಬಾಗಲಾ ಹಾಕ್ಯಾನ.”

“ಅಕ್ಕಗ ಫೋನು ಕೊಡಿಸಿದಾವ ಅವನ, ಕಾರ್ಡು ಜೋಡಿಸಿದಾವ ಅವನ. ಇನ್ನ ಕೇಳೂದೇನೈತಿ?”

“ಬಾಯಿ ಮುಚ್ಚರೋ! ಅವ ಅಂಥಾವಲ್ಲ,” ಎಂದು ಸುಮಿತ್ರವ್ವ ಗದರಿದಳು. ಗದರಿದ್ದೇನೋ ಖರೆ. ಆದರೆ ಗದಗಿನ ಠಾಣೆಯಲ್ಲಿ ಹವಾಲ್ದಾರ “ಯಾರ ಮ್ಯಾಲರೆ ಸಂಶೆ ಐತೇನು?” ಎಂದು ಕೇಳಿದಾಗ, ಆ ನಾಲಿಗೆ, ಅದೇ ನಾಲಿಗೆ, ಮೊಹಸಿನ ಎಂದುಬಿಟ್ಟಿತು. ಅಂದ ಮೇಲೆ ತನಗೇ ದಿಗಿಲಾಯಿತು. ಅಷ್ಟರಲ್ಲಿ ಹವಾಲ್ದಾರ ಬರೆದುಕೊಂಡಾಗಿತ್ತು.

ಸುದ್ದಿ ತವರಿಗೂ ಮುಟ್ಟಿತ್ತು. ತಮ್ಮ ಹುಚ್ಚೀರಪ್ಪನ ಮಗ ಹೊನ್ನೇಶ ಅಡರಕಟ್ಟಿಯಿಂದ ಬೈಕು ಹತ್ತಿ ಓಡಿ ಬಂದಿದ್ದ. ಇಪ್ಪತ್ತು ದಾಟಿದ, ಎತ್ತರದ, ಚೆಂದದ ಹುಡುಗ.

“ಮರಿಯತ್ತೀ!” ಎಂದು ಬಂದವನೇ ಅವಳ ಕೈ ಹಿಡಿದುಕೊಂಡ. “ಎಲ್ಲಿದಾನ ಆ ಮೊಹಸಿನ? ಕೈಕಾಲು ಮುರೀತೀನಿ!”

ಸುಮಿತ್ರವ್ವ ಅವನ ಭುಜಕ್ಕೆ ಹಣೆ ಒತ್ತಿ ಅತ್ತಳು. ತವರಿನವರು ಬಂದರೆ ಎದೆಗೆ ಎಷ್ಟು ಧೈರ್ಯ!

ಸಂಜೆಗೆ ಮೊಹಸಿನ ಸಿಕ್ಕ. ಓಡಿ ಹೋಗಿರಲಿಲ್ಲ. ತಾಯಿ ಲಾಲಬಿಯ ಕಣ್ಣಿನ ಆಪರೇಷನ್ನಿಗೆಂದು ಮುಂಡರಗಿಗೆ ಹೋಗಿದ್ದ. ಅಲ್ಲಿಂದಲೇ ಕರೆತಂದು ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದರು. ಲಾಲಬಿ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡೇ ಬಾಗಿಲಲ್ಲಿ ನಿಂತಿದ್ದಳು.

“ಸುಮಿತ್ರಾ,” ಎಂದಳು ಲಾಲಬಿ. ದನಿ ಬಿಟ್ಟು ಅಳಲಿಲ್ಲ, ಬೈಯಲಿಲ್ಲ. “ನಿನ್ನ ಒಲಿ ಮುಂದ ಕುಂತು ರೊಟ್ಟಿ ತಿಂದು ಬೆಳದ ಹುಡುಗ ಅವ. ಅವನ ಹೆಸರು ನೀನ ಹೇಳಿದೇನು?”

ಸುಮಿತ್ರವ್ವ ಸೆರಗು ಮುಖಕ್ಕೆ ಒತ್ತಿಕೊಂಡಳು.

ಕೇಸು ಹಿಡಿದವಳು ಸಬ್ ಇನ್ಸ್‌ಪೆಕ್ಟರ್ ನಜಮಾ. ಗಿಡ್ಡ ಹೆಂಗಸು, ಮಾತು ಅದಕ್ಕಿಂತ ಗಿಡ್ಡ. ಸುಮಿತ್ರವ್ವನ ಫೋನು ತಗೊಂಡು ಗಟ್ಟಿಯಾಗಿ ಓದಿದಳು.

“ಮರಿಯವ್ವನವರ ಗಮನಕ್ಕೆ. ನಿಮ್ಮ ಎಟಿಎಂ ಕಾರ್ಡು ಇಂದು ಸಂಜೆ ಬಂದ್ ಆಗಲಿದೆ. ಮುಂದುವರಿಸಲು ಕೆಳಗಿನ ಆ್ಯಪ್ ಒತ್ತಿ. ನಿಮ್ಮ ಕಾರ್ಡಿನ ನಂಬರು…” ನಜಮಾ ತಲೆ ಎತ್ತಿದಳು. “ನಂಬರು ಪೂರಾ ಬರೋಬ್ಬರಿ ಐತಿ?”

“ಐತ್ರಿ. ಒಂದಂಕಿನೂ ತಪ್ಪಿಲ್ಲ.”

“ಒತ್ತಿದ್ರಿ?”

“ಒತ್ತಿದ್ನಿರಿ. ಬ್ಯಾಂಕಿನ ಚಿತ್ರ ಇತ್ತು, ನನ್ನ ಹೆಸರಿತ್ತು, ನನ್ನ ಕಾರ್ಡಿನ ನಂಬರಿತ್ತು. ನಂಬದ ಏನ ಮಾಡ್ಲಿ?”

“ಆ ಆ್ಯಪ್ ಕುಂತ ಮ್ಯಾಲೆ ನಿಮಗ ಬಂದ ಓಟಿಪಿ ಎಲ್ಲಾ ಅವರಿಗೆ ಹೋಗ್ಯಾವು. ಅದು ದಿನಾ ನಡಿಯೂ ಆಟ. ಆದ್ರ ಕಾರ್ಡಿನ ನಂಬರು ಅವರಿಗೆ ಹ್ಯಾಂಗ ಗೊತ್ತಾತು? ಕಾರ್ಡು ಎಲ್ಲಿ ಇಡ್ತೀರಿ?”

“ಚೀಲದಾಗ. ಚಷ್ಮಾದ ಡಬ್ಬಿ ಒಳಗ.”

“ಯಾರ ಕೈಯಾಗರೆ ಕೊಟ್ಟಿದ್ರೇನು?”

“ಹೊರಗಿನವರ ಪೈಕಿ ಮೊಹಸಿನನೊಬ್ಬಗ. ಆ್ಯಪ್ ಜೋಡಿಸಾಕ.”

ನಜಮಾ ಕಾರ್ಡನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. ಖಾತೆ ತೆರೆದ ದಿನವೇ ಕೈಗಿಡುವ ಸಾದಾ ಕಾರ್ಡು. ನಂಬರಿತ್ತು, ಹೆಸರಿರಲಿಲ್ಲ.

“ಇನ್ನೂ ಏನ ನೋಡ್ತೀರಿ ಮೇಡಂ?” ಹೊನ್ನೇಶ ಸಿಡುಕಿದ. “ಕಾರ್ಡು ನೋಡಿದಾವ ಮೊಹಸಿನ ಒಬ್ಬನ. ನಮ್ಮ ಮರಿಯತ್ತಿ ತಾನ ಹೇಳ್ಯಾಳ.”

ನಜಮಾ ಅವನನ್ನು ನೋಡಿದಳು. “ನಾಳಿ ಖಾನಾವಳಿಗೆ ಬರ್ತೀನಿ. ಎಲ್ಲಾರೂ ಅಲ್ಲೇ ಇರ್ರಿ,” ಎಂದಳು.

ಮರುದಿನ ಬಂದಳು. ಮೊಹಸಿನನನ್ನೂ ಕರೆತಂದಿದ್ದಳು. ಅವನು ಸುಮಿತ್ರವ್ವನ ಕಡೆ ನೋಡಲೇ ಇಲ್ಲ. ಲಾಲಬಿ ಮಗನ ಪಕ್ಕಕ್ಕೆ ಹೋಗಿ ಕುಂತಳು. ಬಂದವಳೇ ನಜಮಾ, “ಅವ್ವಾರ, ಹಸಿವಾಗೇತಿ. ಎರಡು ರೊಟ್ಟಿ ಹಾಕ್ರಿ,” ಎನ್ನಬೇಕೆ!

ಇದೆಂಥಾ ಪತ್ತೇದಾರಿಕೆ ಮಾರಾಯ್ತಿ ಎಂದುಕೊಳ್ಳುತ್ತಲೇ ಸುಮಿತ್ರವ್ವ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದಳು. ನಜಮಾ ನಿಧಾನವಾಗಿ ಉಂಡಳು. ಕೈ ತೊಳೆದು ಎದ್ದು ಗೋಡೆಯ ಕೋಡಿಗೆ ಫೋನು ಹಿಡಿದಳು.

“ರೊಕ್ಕ ಯಾಕ್ರಿ, ಬ್ಯಾಡ—”

“ಇರ್ರಿ.” ನಜಮಾ ಫೋನನ್ನೇ ನೋಡುತ್ತಾ ನಿಂತಳು. ಆಮೇಲೆ ಅದನ್ನು ಮೊಹಸಿನನ ಮುಂದೆ ಹಿಡಿದಳು. “ಇಲ್ಲಿ ಯಾರ ಹೆಸರು ಬಂದೈತಿ? ಓದು.”

“ಸುಮಿತ್ರಾ.” ಮೊಹಸಿನನ ದನಿ ಒಡೆದಿತ್ತು. “ನಾನ ಬ್ಯಾಂಕಿನ ಪುಸ್ತಕ ನೋಡಿ ಹಾಕೀನ್ರಿ. ಇಲ್ಲಿ ಉಂಡು ರೊಕ್ಕ ಕೊಟ್ಟವರಿಗೆಲ್ಲಾ ಅದ ಕಾಣ್ತೈತಿ.”

“ಮರಿಯವ್ವ ಅಂದ್ರ ಯಾರು?”

ಮೊಹಸಿನ ಗೊಂದಲಗೊಂಡ. “ಗೊತ್ತಿಲ್ರಿ. ಯಾರದು?”

ಲಾಲಬಿ ತಲೆ ಅಲ್ಲಾಡಿಸಿದಳು. “ಇಷ್ಟು ವರ್ಷ ಆಜೂಬಾಜೂ ಅದೀವಿ. ನಾನೂ ಆ ಹೆಸರು ಕೇಳಿಲ್ಲ.”

ಸುಮಿತ್ರವ್ವನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ನಜಮಾ ಹೊನ್ನೇಶನ ಕಡೆ ತಿರುಗಿದಳು. “ತಮ್ಮಾ, ನೀ ಇಲ್ಲಿ ಭಾಳ ಸಲ ಉಂಡೀಯೇನು?”

“ಗದಗಿಗೆ ಬಂದಾಗೆಲ್ಲಾ ಇಲ್ಲೇ ಉಣ್ತೀನಿ.”

“ಈ ಕೋಡಿಗೆ ಒಮ್ಮೆರೆ ಫೋನು ಹಿಡದೀಯೇನು?”

“ನಾ ಯಾಕ ರೊಕ್ಕ ಕೊಡ್ಲಿ?” ಅವನು ನಕ್ಕ. “ನಮ್ಮತ್ತಿ ಖಾನಾವಳಿ ಇದು.”

“ಖರೆ. ಅತ್ತಿ ಖಾನಾವಳ್ಯಾಗ ಅಳಿಯ ರೊಕ್ಕ ಕೊಡೂದಿಲ್ಲ. ಬ್ಯಾಂಕಿನ್ಯಾಗ ನಿಮ್ಮತ್ತಿ ಹೆಸರೇನು?”

“ಇದೆಂಥಾ ಪ್ರಶ್ನೆ? ಮರಿಯವ್ವ.”

“ಇಲ್ಲಿ ಮಂದಿ ಸುಮಿತ್ರವ್ವ ಅಂತಾರಲ್ಲ?”

“ಅದು ಸುಮ್ನ ಕರಿಯೂ ಹೆಸರು. ಅಕಿ ಖರೇ ಹೆಸರು ಮರಿಯವ್ವನ. ನಮ್ಮಪ್ಪ, ನಮ್ಮೂರು, ಎಲ್ಲಾರೂ ಹಂಗ—” ಎಂದವನು ಅಲ್ಲಿಗೇ ನಿಂತ. ನಗು ಹೋಯಿತು.

“ಅವ್ವಾರ,” ನಜಮಾ ಮೆತ್ತಗೆ ಹೇಳಿದಳು. “ನಮ್ಮೊಳಗ ನಿಕಾ ಆದ ಮ್ಯಾಲೂ ಹುಡುಗಿ ಹೆಸರು ಬದಲಾಗೂದಿಲ್ಲ. ಅದಕ್ಕ ಆ ಮೆಸೇಜು ಓದಿದ ಕೂಡಲೇ ಯಾರೀ ಮರಿಯವ್ವ ಅನಿಸ್ತು. ಮೋಸದವರು ಸಾವಿರ ಮಂದಿಗೆ ಬಿಟ್ಟಿರ್ತಾರ, ಹೆಸರು ತಪ್ಪಿರತೈತಿ ಬಿಡ್ರಿ ಅಂದ ನಮ್ಮ ಹವಾಲ್ದಾರ. ಹೆಸರು ತಪ್ಪಿದಾವ ನಂಬರು ಹ್ಯಾಂಗ ಬರೋಬ್ಬರಿ ಹಾಕಿದ? ಆಮ್ಯಾಲೆ ಇವ ಬಂದು ಮರಿಯತ್ತಿ ಅಂದ. ಆಗ ತಿಳೀತು, ಹೆಸರು ತಪ್ಪಿಲ್ಲ ಅಂತ.”

“ನನಗ್ಯಾಕ ಹೊಳೀಲಿಲ್ಲ?” ಸುಮಿತ್ರವ್ವ ಪಿಸುಗುಟ್ಟಿದಳು.

“ಹುಟ್ಟಿದಾಗಿಂದ ಆ ಹೆಸರಿಗೆ ಓಗೊಟ್ಟೀರಿ. ಬ್ಯಾಂಕಿನವರು ಆ ಹೆಸರಿಂದ ಕರಿಯೂದಿಲ್ಲ ಅನ್ನೂದು ನಿಮ್ಮ ಮನಸಿಗೆ ಬರಲೇ ಇಲ್ಲ. ಬ್ಯಾಂಕಿನ್ಯಾಗ ನೀವು ಸುಮಿತ್ರಾ. ಬೆಟಗೇರಿಗೆಲ್ಲಾ ಸುಮಿತ್ರಾ. ಪುಸ್ತಕ ನೋಡಿದ ಮೊಹಸಿನ ಬರದಿದ್ರ ಸುಮಿತ್ರಾ ಅಂತ ಬರೀತಿದ್ದ. ಕಾರ್ಡಿನ ಮ್ಯಾಲೆ ಹೆಸರಿಲ್ಲ. ಅಂದ ಮ್ಯಾಲೆ ಕಾರ್ಡಷ್ಟ ನೋಡಿ, ಹೆಸರು ತನಗ ಗೊತ್ತಿದ್ದದ್ದನ್ನ ಹೇಳಿದಾವ ನಿಮ್ಮ ತವರಿನಾವ. ಈಗ ಹೇಳ್ರಿ, ಚೀಲ ತಗೊಂಡು ಅಡರಕಟ್ಟಿಗೆ ಯಾವಾಗ ಹೋಗಿದ್ರಿ?”

“ಪಂಚಮಿಗೆ.”

“ಚಷ್ಮಾದ ಡಬ್ಬಿ ಯಾರು ತಗದ್ರು?”

ಸುಮಿತ್ರವ್ವ ಕಣ್ಣು ಮುಚ್ಚಿದಳು. ಪಂಚಮಿಯ ಮಧ್ಯಾಹ್ನ ಕಣ್ಣ ಮುಂದೆ ಬಂತು. ಉಂಡಿ ತಿಂದು ಜೋಕಾಲಿಯ ಹತ್ತಿರ ಕುಂತು ಹೊನ್ನೇಶನ ಜೊತೆ ಫೋನಿನಲ್ಲಿ ಲೂಡೋ ಆಡಿದ್ದು. ಕಾಯಿ ಕಾಣವಲ್ದೋ ಎಂದು ತಾನು ಅಂದದ್ದು. ಇರು ಅತ್ತಿ, ಚಷ್ಮಾ ತರ್ತೀನಿ ಎಂದು ಅವನು ಒಳಗೆ ಓಡಿದ್ದು. ತರಲು ಯಾಕೋ ತಡ ಮಾಡಿದ್ದ.

“ಹೊರಗಿನವರಿಗೆ ಕೊಟ್ಟೀರೇನು ಅಂತ ನೀವು ಕೇಳಿದ್ರಿ ಅಂತ ತಿಳ್ಕೊಂಡೆನ್ರಿ,” ಎಂದಳು. “ಇವ ಹೊರಗಿನಾವ ಅಲ್ಲಲ್ಲ!”

“ಫೋನು ಕೊಡು ತಮ್ಮಾ,” ನಜಮಾ ಕೈ ಚಾಚಿದಳು.

ಹೊನ್ನೇಶ ಕೊಡಲಿಲ್ಲ. ಜೇಬಿನ ಮೇಲೆ ಕೈ ಒತ್ತಿಕೊಂಡ. ಮರುಗಳಿಗೆ ಗೋಡೆಗೆ ಒರಗಿ ಜಾರಿ ನೆಲಕ್ಕೆ ಕುಂತು ಎರಡೂ ಕೈಲಿ ಮುಖ ಮುಚ್ಚಿಕೊಂಡ.

“ರಮ್ಮಿ ಆಡಿ ಎಲ್ಲಾ ಕಳಕೊಂಡಿದ್ದೆ ಅತ್ತಿ. ಆಟದ ಚಾಟಿನ್ಯಾಗ ಸಿಕ್ಕಿದ್ದ ಒಬ್ಬ. ಮುಖ ನೋಡಿಲ್ಲ. ಕಾರ್ಡಿನ ಫೋಟೋ, ಹೆಸರು, ನಂಬರು ಕೊಡು, ಅರ್ಧ ನಿನಗ ಅಂದ. ಸ್ವಲ್ಪ ತಗೋತಾನ, ನಿನಗ ತಿಳಿಯೂದೂ ಇಲ್ಲ ಅಂತ… ಪೂರಾ ಬಳೀತಾನ ಅಂತ ಗೊತ್ತಿರಲಿಲ್ಲ. ನಿನ್ನಾಣಿ! ನನಗೂ ಒಂದು ಪೈಸಾ ಕೊಡಲಿಲ್ಲ ಅವ.”

ಅದನ್ನು ಕೇಳಿ ಮೊಹಸಿನನೇ ಬೆಚ್ಚಿ ಅವನನ್ನು ನೋಡಿದ.

“ಅವತ್ತು ಲೂಡೋದಾಗ ನಾ ಗೆದ್ದಿದ್ದೆ,” ಎಂದಳು ಸುಮಿತ್ರವ್ವ. ಅಳು ಬರಲಿಲ್ಲ. “ಮರಿಯತ್ತಿ ಗೆದ್ಲು ಅಂತ ಓಣಿ ತುಂಬ ಒದರ್ಯಾಡಿದಿ. ಬೇಕಂತ ಸೋತಿದ್ದೇನೋ?”

ಅಷ್ಟು ಹೊತ್ತಿಗೆ ಅವಳ ಫೋನು ಹೊಡೆದುಕೊಂಡಿತು. ಅಡರಕಟ್ಟಿಯಿಂದ ಹುಚ್ಚೀರಪ್ಪ. ಮಗ ಬೆಳಿಗ್ಗೆಯೇ ಅಪ್ಪನಿಗೆ ಫೋನು ಮಾಡಿ ಬಾಯಿ ಬಿಟ್ಟಿದ್ದನಂತೆ. “ಅಕ್ಕಾ, ಹುಡುಗ ಬುದ್ಧಿ ಇಲ್ಲದ ಮಾಡ್ಯಾನ. ಅವನ ಹೆಸರು ಮಾತ್ರ ಹೇಳಬ್ಯಾಡ. ಹ್ಯಾಂಗೂ ಆ ಮೊಹಸಿನನ ಹೆಸರು ಬರಕೊಂಡಾರಂತಲ್ಲ, ಅದು ತಾನ ತಣ್ಣಗಾಗತೈತಿ. ನಿನಗ ತವರು ಬೇಕೋ ಬ್ಯಾಡೋ? ಮರಿಯಕ್ಕಾ, ಕೇಳಾಕತ್ತೀಯೇನು?”

ತಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಲಾಲಬಿಯ ಮಗನನ್ನು ಬೆಂಚಿನ ಮೇಲೆ ಬಿಟ್ಟಿದ್ದ. ಸುಮಿತ್ರವ್ವ ಫೋನು ಇಟ್ಟಳು. ಎದ್ದು ಹೋಗಿ ಮೊಹಸಿನನ ಮುಂದೆ ನಿಂತಳು.

“ನಿನ್ನ ಹೆಸರು ಹೇಳೂ ಮುಂದ ನನ್ನ ನಾಲಿಗಿ ತೊಡರಲಿಲ್ಲ ಮಗನ. ತಪ್ಪು ನಂದು.”

ಮೊಹಸಿನ ಮುಖ ತಿರುಗಿಸಿದ. ಲಾಲಬಿಯೂ ಸಮಾಧಾನದ ಮಾತು ಆಡಲಿಲ್ಲ. ಮಗನ ಬೆನ್ನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕುಂತಿದ್ದಳು. ಸುಮಿತ್ರವ್ವ ನಜಮಾಳ ಕಡೆ ತಿರುಗಿದಳು.

“ಬರಕೊಳ್ರಿ. ನನ್ನ ಕಾರ್ಡು ಕೊಟ್ಟಾವ ಹೊನ್ನೇಶ. ನನ್ನ ತಮ್ಮನ ಮಗ.” ನಾಲಿಗೆ ಈ ಸಲ ಚೆನ್ನಾಗಿಯೇ ತೊಡರಿತು. ಆದರೂ ಹೇಳಿದಳು.

ನಜಮಾ ಬರೆದಳು. ಹಳೆಯ ಹೇಳಿಕೆಯ ಮೇಲೆ ಗೆರೆ ಎಳೆದಳು. ಫಿರ್ಯಾದಿಯ ಹೆಸರಿನ ಹತ್ತಿರ ಬಂದು ಪೆನ್ನು ನಿಲ್ಲಿಸಿದಳು.

“ಎರಡೂ ಹೆಸರು ಬರೀಬೇಕಾಗತೈತಿ ಅವ್ವಾರ. ಸುಮಿತ್ರವ್ವ ಉರ್ಫ್ ಮರಿಯವ್ವ ಅಂತ ಹಾಕ್ಲೇನು?”

ಸುಮಿತ್ರವ್ವ ನೆಲಕ್ಕೆ ಕುಂತಿದ್ದ ಹುಡುಗನನ್ನು ನೋಡಿದಳು. ತವರು ಮನೆಯಲ್ಲಿ ಆ ಹೆಸರು ಹಿಡಿದು ಕರೆಯುತ್ತಿದ್ದದ್ದು ಎರಡೇ ಬಾಯಿ. ಒಂದು ಈಗಷ್ಟೇ ಫೋನಿನಲ್ಲಿ ಕರೆದಿತ್ತು. ಇನ್ನೊಂದು ಇಲ್ಲಿ ಮುಖ ಮುಚ್ಚಿಕೊಂಡಿತ್ತು.

“ಆ ಹೆಸರು ಮೆಸೇಜಿನ್ಯಾಗ ಹ್ಯಾಂಗಿದ್ರೂ ಐತಲ್ರಿ, ಅಲ್ಲೇ ಇರ್ಲಿ,” ಎಂದಳು. “ನನಗ ಸುಮಿತ್ರವ್ವ ಅಂತ ಒಂದ ಬರೀರಿ. ಮರಿಯವ್ವ ಅಂತ ಕರದ್ರ ಇನ್ನ ನಾ ಓ ಅನ್ನೂದಿಲ್ಲ.”